ಪಂಚರ್ ಅಂಗಡಿಯ ಇಂಗ್ಲಿಷು

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲಪ್ಪ, ಕೃತಕ ಬುದ್ಧಿಮತ್ತೆ ಬಗ್ಗೆ ಮಾತಾಡು, ಮಕ್ಕಳಿಗೆ ಉಪಯೋಗ ಆಗುತ್ತೆ" ಅಂದರು. ನಾನು ಒಂದು ದಿನ ಯೋಚನೆ ಮಾಡಿ, "ಸ್ಪೆಲ್ಲಿಂಗ್ ಮಿಸ್ಟೇಕ್ ಬಗ್ಗೆ ಮಾತಾಡ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಹದಿನೈದು ನಿಮಿಷ" ಅಂದರು. ಅಲ್ಲಿಂದ ಇಲ್ಲಿಯವರೆಗೆ ಆ ಹದಿನೈದು ನಿಮಿಷ ಇಪ್ಪತ್ತಾಗುತ್ತದೆ ಎಂಬ ಭಯ ಅವರಿಗಿದೆ. ಅವರ ಭಯ ಸುಳ್ಳಲ್ಲ.

ನಾನು ಇಲ್ಲಿ ಎಸ್ಸೆಸ್ಸೆಲ್ಸಿ ಬರೆದದ್ದು 2004ರಲ್ಲಿ. ನಮ್ಮ ಕಾಲದವರಿಗೆ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಕ್ಲಾಸಿನಲ್ಲಿ. ವಾರಕ್ಕೆ ಕೆಲವು ಪೀರಿಯಡ್ಡು, ಒಂದು ಪಠ್ಯಪುಸ್ತಕ, ನಾಲ್ಕು ಗೆರೆಯ ಕಾಪಿ ಪುಸ್ತಕ. ಮನೆಯಲ್ಲಿ ಇಂಗ್ಲಿಷ್ ಪೇಪರ್ ಇಲ್ಲ, ಇಂಗ್ಲಿಷ್ ಮಾತಾಡುವ ಮನುಷ್ಯ ಊರಲ್ಲೇ ಇಲ್ಲ. ಹಾಗಾದರೆ ಆ ಪುಸ್ತಕ ಬಿಟ್ಟರೆ ನಮಗೆ ಇಂಗ್ಲಿಷ್ ಎಲ್ಲಿ ಸಿಗುತ್ತಿತ್ತು? ಬೋರ್ಡುಗಳಲ್ಲಿ. ಗೊಬ್ಬರದ ಚೀಲದ ಮೇಲೆ, ಕ್ರಿಮಿನಾಶಕದ ಡಬ್ಬಿಯ ಮೇಲೆ, ಲಾರಿಯ ಹಿಂಭಾಗದಲ್ಲಿ. ದೊಡ್ಡಬಳ್ಳಾಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಕೂತು, ಹಾದು ಹೋಗುವ ಬೋರ್ಡುಗಳನ್ನೆಲ್ಲ ಅಕ್ಷರ ಕೂಡಿಸಿ ಓದುವುದು ನನಗೂ ನನ್ನ ಗೆಳೆಯನಿಗೂ ಆಟ. ಬಸ್ಸು ಮುಂದೆ ಹೋಗುವುದರೊಳಗೆ ಓದಿ ಮುಗಿಸಿದವನು ಗೆದ್ದ. 'ಹಾರನ್ ಓಕೆ ಪ್ಲೀಸ್' ಅಂದರೆ ಏನು ಅಂತ ಅವತ್ತೂ ಗೊತ್ತಿರಲಿಲ್ಲ. ಹಾರನ್ ಗೊತ್ತು, ಪ್ಲೀಸ್ ಗೊತ್ತು, ನಡುವೆ ಈ ಓಕೆ ಯಾಕೆ ಬಂತು ಅಂತ ಇವತ್ತಿಗೂ ನನಗೆ ಯಾರೂ ಒಪ್ಪುವ ಹಾಗೆ ಹೇಳಿಲ್ಲ.

ಹೀಗೆ ಓದಿ ಕಲಿತ ಪದಗಳಲ್ಲಿ ಒಂದು ಪಂಚರ್. ರಸ್ತೆ ಬದಿಯಲ್ಲಿ ಹಳೆಯ ಟೈರೊಂದನ್ನು ನೇತುಹಾಕಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಪಿ, ಯು, ಎನ್, ಸಿ, ಎಚ್, ಇ, ಆರ್ ಅಂತ ಬರೆದಿರುತ್ತಾರಲ್ಲ, ಅದು. ನೆಲಮಂಗಲಕ್ಕೆ ಹೋಗಿ, ಹೊಸಕೋಟೆಗೆ ಹೋಗಿ, ದೇವನಹಳ್ಳಿಗೆ ಹೋಗಿ, ಎಲ್ಲ ಕಡೆಯೂ ಅದೇ ಏಳು ಅಕ್ಷರ. ಹತ್ತು ಕಡೆ ಒಂದೇ ರೀತಿ ಬರೆದಿದ್ದರೆ ಮಕ್ಕಳು ಅದನ್ನೇ ಸರಿ ಅಂದುಕೊಳ್ಳುತ್ತಾರೆ. ನಾವೂ ಅಂದುಕೊಂಡೆವು.

ಎಸ್ಸೆಸ್ಸೆಲ್ಸಿ ಆದಮೇಲೆ ನಾನು, ನನ್ನ ಗೆಳೆಯ ಇಬ್ಬರೂ ಪಟ್ಟಣದ ಒಂದು ಕಾಲೇಜಿನಲ್ಲಿ ಪಿಯುಸಿ ಸೈನ್ಸ್‌ಗೆ ಸೇರಿದೆವು. ಅವನಿಗೆ ಗಣಿತದಲ್ಲಿ ನನಗಿಂತ ಜಾಸ್ತಿ ಬಂದಿತ್ತು. ಕನ್ನಡ ಮಾಧ್ಯಮದಿಂದ ಹೋದವರಿಗೆ ಆ ಮೊದಲ ಮೂರು ತಿಂಗಳು ಹೇಗಿರುತ್ತದೆ ಅಂತ ಇಲ್ಲಿರುವ ಅನೇಕರಿಗೆ ಗೊತ್ತು. ನೆನ್ನೆಯವರೆಗೆ ಸಾಂದ್ರತೆ ಅಂದರೆ ನಿದ್ದೆಯಲ್ಲೂ ವ್ಯಾಖ್ಯಾನ ಹೇಳುತ್ತಿದ್ದವನು, 'ಡೆನ್ಸಿಟಿ' ಅಂದ ಕೂಡಲೇ ಪೆನ್ನು ಕೆಳಗಿಟ್ಟು ಪಕ್ಕದವನ ಪುಸ್ತಕ ನೋಡುತ್ತಾನೆ. ವಿಷಯ ಗೊತ್ತಿದೆ, ಅದರ ಹೆಸರು ಗೊತ್ತಿಲ್ಲ. ದಿನವೂ ನೋಡುವ ಮನುಷ್ಯ ವೇಷ ಹಾಕಿಕೊಂಡು ಬಂದು ಎದುರು ನಿಂತ ಹಾಗೆ.

ಆ ಸೆಪ್ಟೆಂಬರ್‌ನಲ್ಲಿ ಇಂಗ್ಲಿಷ್ ಟೆಸ್ಟು. ಒಂದು ಪ್ರಯಾಣದ ಬಗ್ಗೆ ಪ್ರಬಂಧ ಬರೆಯಬೇಕು. ನನ್ನ ಗೆಳೆಯ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೋದದ್ದನ್ನು ಬರೆದ. ದಾರಿಯಲ್ಲಿ ಬಸ್ಸು ಪಂಚರ್ ಆಯಿತು ಅಂತ ಬರೆದ. ಬೋರ್ಡಿನಲ್ಲಿ ನೋಡಿದ ಹಾಗೇ ಬರೆದ. ಉಪನ್ಯಾಸಕರು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, "ಬಸ್ಸಿಗೆ ಗುದ್ದಿದವರು ಯಾರು, ನೀನೇನಾ?" ಅಂದರು. ಇಡೀ ಕ್ಲಾಸು ನಕ್ಕಿತು. ಕಾನ್ವೆಂಟಿನಿಂದ ಬಂದವರು ಮುಂದಿನ ಬೆಂಚಿನಿಂದ ತಿರುಗಿ ನೋಡಿ ನಕ್ಕರು. ನಾನೂ ನಕ್ಕೆ.

ನನ್ನ ಪೇಪರಿನಲ್ಲೂ ಅದೇ ಪದ, ಅದೇ ಏಳು ಅಕ್ಷರ ಇತ್ತು. ಅದೃಷ್ಟಕ್ಕೆ ನನ್ನದನ್ನು ಓದಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡೆ. ದಸರಾ ರಜೆ ಮುಗಿದ ಮೇಲೆ ಅವನು ಕಾಲೇಜಿಗೆ ಬರಲಿಲ್ಲ. ಆ ಒಂದು ಪದದಿಂದಲೇ ಬಿಟ್ಟ ಅಂತ ನಾನು ಹೇಳುವುದಿಲ್ಲ. ಅವನ ಮನೆಯಲ್ಲಿ ಮಗ್ಗ ಇತ್ತು, ಸಾಲ ಇತ್ತು, ಅಪ್ಪನಿಗೆ ಹುಷಾರಿರಲಿಲ್ಲ. ಆದರೆ ಕರೆಯೋಕೆ ಹೋದಾಗ ಅವನು ಹೇಳಿದ್ದು ಇಷ್ಟು: "ಬುಡಲಾ, ಬಾಯಿ ಬುಟ್ರೆ ನಗ್ತಾರೆ. ಮಗ್ಗ ಯಾರನ್ನೂ ನೋಡಿ ನಗಲ್ಲ." ಇವತ್ತು ಇದನ್ನು ಹೇಳಲು ಅವನ ಒಪ್ಪಿಗೆ ಕೇಳಿದ್ದೇನೆ. ಅವನು ಹಿಂದಿನ ಸಾಲಿನಲ್ಲೇ ಎಲ್ಲೋ ಕೂತಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಯಾರೂ ತಿರುಗಿ ಹುಡುಕಬೇಡಿ.

ಈಗ ಆ ಪದವನ್ನು ಸ್ವಲ್ಪ ಬಿಚ್ಚಿ ನೋಡೋಣ. ಎಂಜಿನಿಯರ್ ಅಲ್ಲವೇ, ಕೆಟ್ಟು ನಿಂತದ್ದನ್ನು ಬಿಚ್ಚುವುದು ಅಭ್ಯಾಸ.

ಇಂಗ್ಲಿಷಿನ ಪದ 'ಪಂಕ್ಚರ್'. ಪಿ, ಯು, ಎನ್, ಸಿ ಆದಮೇಲೆ ಟಿ, ಯು, ಆರ್, ಇ. ಸೊನ್ನೆಯ ಮುಂದೆ ಕ, ಅದಕ್ಕೆ ಅಂಟಿಕೊಂಡು ಚ. ಇದು ನಮ್ಮ ನಾಲಗೆಗೆ ಒಗ್ಗುವ ಜೋಡಣೆಯಲ್ಲ. ಹಾಗಾಗಿ ಕನ್ನಡ ಆ ಕಕಾರವನ್ನು ಬಿಟ್ಟು 'ಪಂಚರ್' ಮಾಡಿಕೊಂಡಿತು. ಇದು ತಪ್ಪಲ್ಲ. ಹಾಸ್ಪಿಟಲ್ ಅನ್ನು ಆಸ್ಪತ್ರೆ ಮಾಡಿಕೊಂಡ, ಲ್ಯಾಂಟರ್ನ್ ಅನ್ನು ಲಾಟೀನು, ಲಾಂದ್ರ ಮಾಡಿಕೊಂಡ ಭಾಷೆ ನಮ್ಮದು. ಮಾಸ್ಟರ್ ಮೇಷ್ಟ್ರಾದರು. ನಮ್ಮಜ್ಜಿ 'ಇಸ್ಕೂಲು', 'ಟೇಸನ್ನು' ಅಂದಾಗ ಅವಳು ಇಂಗ್ಲಿಷನ್ನು ತಪ್ಪಾಗಿ ಆಡುತ್ತಿರಲಿಲ್ಲ, ಕನ್ನಡವನ್ನು ಸರಿಯಾಗಿ ಆಡುತ್ತಿದ್ದಳು. ನಮ್ಮ ಹಿರಿಯ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಇಂಥ ಪದಗಳಿಗೆಂದೇ 'ಎರವಲು ಪದಕೋಶ' ಮಾಡಿದ್ದಾರೆ. ಎರವಲು ತಂದ ಮೇಲೆ ನಮ್ಮ ಮನೆಯ ಅಳತೆಗೆ ಹೊಲಿಸಿಕೊಳ್ಳುವುದು ಎಲ್ಲ ಭಾಷೆಗಳ ಪದ್ಧತಿ.

ಇಲ್ಲಿಂದ ಮುಂದಿನ ಹೆಜ್ಜೆ ಗಮನಿಸಿ. ಪಂಚರ್ ಅಂಗಡಿಯವನು ಬೋರ್ಡ್ ಬರೆಯುವಾಗ ಇಂಗ್ಲಿಷ್ ಪದವನ್ನು ಬರೆಯಲಿಲ್ಲ. 'ಪಂಚರ್' ಎಂಬ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ. ಪಂ-ಚ-ರ್, ಕೇಳಿದ್ದನ್ನು ಕೇಳಿದ ಹಾಗೆ. ಕನ್ನಡದಲ್ಲಿ ಬರವಣಿಗೆ ಅಂದರೆ ಹೆಚ್ಚುಕಡಿಮೆ ಅದೇ: ಬಾಯಲ್ಲಿ ಏನಿದೆಯೋ ಅದು ಹಾಳೆಯ ಮೇಲೆ. ಕಾಗುಣಿತ ಕಲಿತ ಮಗು ಗೊತ್ತಿಲ್ಲದ ಪದವನ್ನೂ ಓದುತ್ತದೆ, ಕೇಳಿದ ಪದವನ್ನು ಬರೆಯುತ್ತದೆ. ಅವನು ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ. ಅದು ಇಂಗ್ಲಿಷಿನ ನಿಯಮ ಅಲ್ಲ, ಅಷ್ಟೇ. 'ಬೇಕರಿ'ಯಲ್ಲಿ ಕೆ ಆದಮೇಲೆ ಇ ಬದಲು ಎ ಹಾಕುವವನೂ, 'ಚಿಲ್ಡ್ ವಾಟರ್' ಬರೆಯಲು ಹೋಗಿ 'ಮಗು ನೀರು' ಅಂತ ಅರ್ಥ ಬರುವ ಹಾಗೆ ಬರೆಯುವವನೂ ಮಾಡುವುದು ಇದನ್ನೇ. ಇವರು ಕಿವಿಯಿಂದ ಬರೆಯುತ್ತಾರೆ. ಇಂಗ್ಲಿಷನ್ನು ಕಣ್ಣಿನಿಂದ ಬರೆಯಬೇಕು.

ಈ ಒಂದು ಮಾತನ್ನು ನಮಗೆ ಹದಿನಾರನೇ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ! ಪಂಚರ್ ಎರಡು ಇದೆಯಪ್ಪ, ಒಂದು ಕನ್ನಡದ ಖಾತೆಯದು, ಒಂದು ಇಂಗ್ಲಿಷಿನ ಖಾತೆಯದು, ಪರೀಕ್ಷೆಯಲ್ಲಿ ಎರಡನೆಯ ಖಾತೆಯಿಂದ ತೆಗೆ ಅಂತ. ನಗುವ ಅಗತ್ಯ ಬರುತ್ತಿರಲಿಲ್ಲ.

ಇನ್ನೊಂದು ತಮಾಷೆ ಇದೆ. ಬೋರ್ಡಿನ ಆ ಏಳು ಅಕ್ಷರದ ಪದ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಇದೆ. 'ಪಂಚರ್' ಅಂದರೆ ಗುದ್ದುವವನು, ಅಥವಾ ತೂತು ಹೊಡೆಯುವವನು. ಅದಕ್ಕೇ ಕಂಪ್ಯೂಟರ್ ಇದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ. ಇಲ್ಲದ ಪದವನ್ನು ಯಂತ್ರ ಹಿಡಿಯುತ್ತದೆ. ಇರುವ ಪದ ತಪ್ಪು ಜಾಗದಲ್ಲಿ ಕೂತರೆ ಎಷ್ಟೋ ಸಲ ಸುಮ್ಮನೆ ಬಿಟ್ಟುಬಿಡುತ್ತದೆ. ಇನ್ನೂ ಹಿಂದೆ ಹೋದರೆ, ಚುಚ್ಚು ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಈ ಎರಡು ಪದಗಳೂ ಬಂದಿವೆ. ದಾಯಾದಿಗಳು, ಒಂದೇ ವಂಶ.

ಈಗ ಇಂಗ್ಲಿಷಿನವರ ಮನೆಯ ಕಡೆ ಬರೋಣ. 'ಬಿ ಯು ಟಿ ಬಟ್ ಆದರೆ ಪಿ ಯು ಟಿ ಪುಟ್ ಯಾಕೆ ಸಾರ್' ಅಂತ ಕೇಳಿ ಏಟು ತಿಂದವರು ಇಲ್ಲಿ ಕಡಿಮೆಯೇನೂ ಇಲ್ಲ. ಪ್ರಶ್ನೆ ಸರಿಯಾದದ್ದೇ. ಆ ಭಾಷೆಯ ಉಚ್ಚಾರಣೆ ಕಾಲಕಾಲಕ್ಕೆ ಬದಲಾಯಿತು, ಆದರೆ ಅಚ್ಚಿನ ಮನೆಗಳು ಬಂದಮೇಲೆ ಬರವಣಿಗೆ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಅದರ ಮೇಲೆ ಪಂಡಿತರ ಕೈವಾಡ ಬೇರೆ. 'ಐಲ್ಯಾಂಡ್' ಪದದಲ್ಲಿ ಎಸ್ ಯಾಕಿದೆ, ಹೇಳುವುದೇ ಇಲ್ಲವಲ್ಲ? ಹಳೆಯ ಇಂಗ್ಲಿಷಿನಲ್ಲಿ ಆ ಎಸ್ ಇರಲಿಲ್ಲ. ದ್ವೀಪಕ್ಕೆ ಲ್ಯಾಟಿನ್‌ನಲ್ಲಿ 'ಇನ್ಸುಲ' ಅನ್ನುತ್ತಾರೆ, ಇದೂ ಅಲ್ಲಿಂದಲೇ ಬಂದಿರಬೇಕು ಅಂದುಕೊಂಡು 16ನೇ ಶತಮಾನದ ಹೊತ್ತಿಗೆ ಒಂದು ಎಸ್ ತುರುಕಿದರು. ಅಂದಾಜು ತಪ್ಪು. ಐನೂರು ವರ್ಷದಿಂದ ಜಗತ್ತಿನ ಮಕ್ಕಳೆಲ್ಲ ಆ ತಪ್ಪನ್ನು ಬಾಯಿಪಾಠ ಮಾಡುತ್ತಿದ್ದಾರೆ. ಎಸ್ ಬಿಟ್ಟರೆ ಅರ್ಧ ಮಾರ್ಕು ಹೋಗುತ್ತದೆ.

ನಮ್ಮ ಗುರುಗಳಿಗೆ ಇಷ್ಟವಾಗುವ ಒಂದು ವಿಷಯ ಹೇಳುತ್ತೇನೆ. ಸಾರ್, ನೀವು ಜೀವಮಾನವಿಡೀ ಮುಗಿಸಲು ಓಡಿದಿರಲ್ಲ, 'ಸಿಲಬಸ್', ಆ ಪದವೇ ಒಂದು ಮುದ್ರಣದೋಷ. ರೋಮಿನ ಸಿಸೆರೊ ತನ್ನ ಪತ್ರಗಳಲ್ಲಿ, ಸುರುಳಿ ಪುಸ್ತಕಕ್ಕೆ ಅಂಟಿಸುವ ಹೆಸರಿನ ಚೀಟಿಗೆ ಒಂದು ಗ್ರೀಕ್ ಪದ ಬಳಸಿದ್ದ: 'ಸಿಟ್ಟಿಬಾಸ್' ಅನ್ನುವ ರೀತಿಯದು. 1470ರ ದಶಕದಲ್ಲಿ ಆ ಪತ್ರಗಳನ್ನು ಅಚ್ಚು ಮಾಡಿದಾಗ ಅದನ್ನು ತಪ್ಪಾಗಿ ಓದಿ 'ಸಿಲ್ಲಬೊಸ್' ಅಂತ ಮಾಡಿದರು. ಅದೇ ಮುಂದೆ ಸಿಲಬಸ್ ಆಯಿತು. ಸಾವಿರಾರು ವಿಶ್ವವಿದ್ಯಾಲಯಗಳು ಆ ಅಚ್ಚಿನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಿವೆ. ಯಾರೂ ನಗುತ್ತಿಲ್ಲ.

ನಿಘಂಟಿನಲ್ಲಿದ್ದರೆ ಆ ಪದ ಇದೆ ಅಂತ ನಂಬುತ್ತೇವಲ್ಲ, ಅದಕ್ಕೂ ಒಂದು ಕಥೆಯಿದೆ. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ಎರಡನೇ ಆವೃತ್ತಿಯಲ್ಲಿ 'ಡೋರ್ಡ್' ಅಂತ ಒಂದು ಪದ ಇತ್ತು. ಅರ್ಥ: ಸಾಂದ್ರತೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಬಳಕೆ. ಅಂಥ ಪದ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. 1931ರಲ್ಲಿ ಅವರ ರಸಾಯನಶಾಸ್ತ್ರದ ಸಂಪಾದಕರು ಒಂದು ಚೀಟಿ ಕಳಿಸಿದ್ದರು: 'ದೊಡ್ಡ ಡಿ ಅಥವಾ ಚಿಕ್ಕ ಡಿ, ಇದು ಡೆನ್ಸಿಟಿಯ ಸಂಕ್ಷೇಪ' ಅಂತ. ಇಂಗ್ಲಿಷಿನಲ್ಲಿ 'ಅಥವಾ'ಗೆ 'ಆರ್'. ಡಿ-ಆರ್-ಡಿ ಮೂರನ್ನೂ ಯಾರೋ ಒಂದೇ ಪದವಾಗಿ ಕೂಡಿಸಿ ಓದಿಬಿಟ್ಟರು. 1939ರ ಫೆಬ್ರವರಿಯಲ್ಲಿ ಒಬ್ಬ ಸಂಪಾದಕನ ಕಣ್ಣಿಗೆ ಬಿತ್ತು, ಈ ಪದಕ್ಕೆ ವ್ಯುತ್ಪತ್ತಿಯೇ ಕೊಟ್ಟಿಲ್ಲವಲ್ಲ ಅಂತ. ಅಲ್ಲಿಯವರೆಗೆ ಯಾರೂ ಅನುಮಾನಿಸಿರಲಿಲ್ಲ. ಸಾಂದ್ರತೆಗೆ ಡೆನ್ಸಿಟಿ ಅನ್ನುತ್ತಾರೆ ಅಂತ ಗೊತ್ತಿಲ್ಲದ ನಮ್ಮೂರ ಹುಡುಗ ತಲೆ ತಗ್ಗಿಸಿದ; ಸಾಂದ್ರತೆಗೆ ಇಲ್ಲದ ಪದ ಅಚ್ಚುಹಾಕಿದ ನಿಘಂಟು ಕಪಾಟಿನಲ್ಲಿ ಸೆಟೆದು ನಿಂತಿತ್ತು.

ತಪ್ಪು ಬರೆದ ಪದ ಒಂದು ಬಗೆ. ನಾವೇ ಹುಟ್ಟಿಸಿದ ಪದಗಳು ಇನ್ನೊಂದು ಬಗೆ, ಇವುಗಳ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಹೆಂಡತಿಯ ಅಕ್ಕನನ್ನೋ ತಂಗಿಯನ್ನೋ ಮದುವೆಯಾದವನಿಗೆ ನಮ್ಮಲ್ಲಿ ಷಡ್ಡಕ ಅಂತ ಎಷ್ಟು ಖಚಿತವಾದ ಪದ ಇದೆ. ಇಂಗ್ಲಿಷಿನಲ್ಲಿ ಇಲ್ಲ, ಭಾವನಿಗೂ ಭಾವಮೈದುನನಿಗೂ ಷಡ್ಡಕನಿಗೂ ಒಂದೇ ಹೆಸರು. ನಮ್ಮವರಿಗೆ ಇದು ಸಾಲಲಿಲ್ಲ. 'ಕೋ-ಬ್ರದರ್' ಅಂತ ಮಾಡಿಕೊಂಡರು. ಮುಂದೂಡುವುದಕ್ಕೆ 'ಪೋಸ್ಟ್‌ಪೋನ್' ಇದೆ, ಹಿಂದಕ್ಕೆ ತರುವುದಕ್ಕೆ ಇಲ್ಲವಲ್ಲ ಅಂತ 'ಪ್ರೀಪೋನ್' ಬಳಕೆಗೆ ತಂದರು. ಅದೀಗ ಆಕ್ಸ್‌ಫರ್ಡ್ ನಿಘಂಟಿನ ಒಳಗೇ ಹೋಗಿ ಕೂತಿದೆ. ಝೆರಾಕ್ಸ್ ಅಂಗಡಿಯ ಮುಂದೆ ಬರೆದಿರುವ 'ಆಧಾರ್ ಅಪ್‌ಡೇಷನ್' ಇದೆಯಲ್ಲ, ಅದಕ್ಕೆ ಇಂಗ್ಲಿಷಿನವರು ಬರೀ 'ಅಪ್‌ಡೇಟ್' ಅನ್ನುತ್ತಾರೆ.

ಇದ್ದ ಪದಕ್ಕೆ ನಾವು ಬೇರೆ ಅರ್ಥ ಕೊಟ್ಟದ್ದೂ ಉಂಟು. ಬೆಂಗಳೂರಿನಲ್ಲಿ 'ಕಾಂಡಿಮೆಂಟ್ಸ್' ಅಂದರೆ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಸಿಗುವ ಅಂಗಡಿ. ಇಂಗ್ಲಿಷಿನವನಿಗೆ ಅದು ಉಪ್ಪು, ಸಾಸಿವೆ, ಊಟಕ್ಕೆ ನೆಂಚಿಕೊಳ್ಳುವ ವಸ್ತು. 'ಮಿಲಿಟರಿ ಹೋಟೆಲ್' ಅಂದರೆ ನಮಗೆ ಮುದ್ದೆ, ಬೋಟಿ, ಕಾಲು ಸೂಪು ನೆನಪಾಗಿ ಬಾಯಲ್ಲಿ ನೀರು ಬರುತ್ತದೆ. ಹೊರದೇಶದವನು ಸೈನಿಕರು ಮಲಗುವ ಜಾಗ ಅಂದುಕೊಳ್ಳುತ್ತಾನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಮೆರಿಕದವರ ಜೊತೆ ಫೋನಿನಲ್ಲಿ ಪರಿಚಯ ಹೇಳಿಕೊಳ್ಳುತ್ತಾ 2010ರಲ್ಲಿ 'ಪಾಸ್ ಔಟ್' ಆದೆ ಅಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಒಬ್ಬ ಹೆಂಗಸು ಮೆಲ್ಲಗೆ, ಈಗ ಆರೋಗ್ಯ ಹೇಗಿದೆ ಅಂತ ಕೇಳಿದರು. ಅವರ ಕಡೆ ಅದಕ್ಕೆ ಪ್ರಜ್ಞೆ ತಪ್ಪಿ ಬೀಳುವುದು ಅಂತ ಅರ್ಥ.

ಆ ಪಿಯುಸಿಯ ದಿನದ ನಂತರ ನಾನು ಸ್ಪೆಲ್ಲಿಂಗಿಗೆ ಹೆದರಿಕೊಂಡೇ ಬದುಕಿದವನು. ಬಿ.ಇ. ಓದುವಾಗ ಜೇಬಿನಲ್ಲಿ ಸಣ್ಣ ನಿಘಂಟು. ಗೊತ್ತಿದ್ದ ಪದವನ್ನೂ ಎರಡು ಸಲ ನೋಡಿಯೇ ಬರೆಯುತ್ತಿದ್ದೆ. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಬೇಕು, ಒಂದು ಸಣ್ಣ ಕೆಲಸ ಕೊಟ್ಟರು. ನಮ್ಮ ಜಾಲತಾಣಕ್ಕೆ ಬರುವವರು ಯಾವ ಪುಟದಿಂದ ಬರುತ್ತಾರೆ ಅಂತ ದಾಖಲು ಮಾಡಬೇಕು. ಬ್ರೌಸರ್ ಒಂದು ಪುಟವನ್ನು ಕೇಳುವಾಗ ತಾನು ಎಲ್ಲಿಂದ ಬಂದೆ ಅಂತ ಒಂದು ಸಾಲು ಕಳಿಸುತ್ತದೆ. ಆ ಸಾಲಿನ ಹೆಸರು 'ರೆಫರರ್'. ನಿಘಂಟಿನ ಪ್ರಕಾರ ಅದರ ನಡುವೆ ಎರಡು ಆರ್ ಬರಬೇಕು. ನಾನು ಎರಡು ಆರ್ ಹಾಕಿದೆ. ಪ್ರೋಗ್ರಾಂ ಖಾಲಿ ಕೊಟ್ಟಿತು. ಮತ್ತೆ ನೋಡಿದೆ, ಖಾಲಿ. ಮಧ್ಯಾಹ್ನ ಊಟ ಬಿಟ್ಟು ಕೂತೆ. ಕೊನೆಗೆ ಹಿರಿಯರೊಬ್ಬರು ಹಿಂದಿನಿಂದ ಬಂದು ಇಣುಕಿ, ಒಂದು ಆರ್ ಅಳಿಸಿದರು. ಕೆಲಸ ಮಾಡಿತು.

ಆಗಿದ್ದು ಇಷ್ಟು. ಅಂತರಜಾಲದ ಆರಂಭದ ದಿನಗಳಲ್ಲಿ ಫಿಲಿಪ್ ಹಾಲಮ್-ಬೇಕರ್ ಎಂಬ ವಿಜ್ಞಾನಿ ಈ ಸಾಲನ್ನು ಸೂಚಿಸಿದಾಗ ಒಂದು ಆರ್ ಕಮ್ಮಿ ಬರೆದರು. ಆ ಕಾಲದ ಸ್ಪೆಲ್ಲಿಂಗ್ ಪರೀಕ್ಷಿಸುವ ಪ್ರೋಗ್ರಾಮಿಗೆ ಸರಿಯಾದ ಪದವೂ ಗೊತ್ತಿರಲಿಲ್ಲ, ತಪ್ಪು ಪದವೂ ಗೊತ್ತಿರಲಿಲ್ಲ. ಯಾರೂ ಹಿಡಿಯಲಿಲ್ಲ. 1996ರಲ್ಲಿ ಬಂದ ನಿಯಮಾವಳಿಯಲ್ಲಿ ತಪ್ಪೇ ಅಚ್ಚಾಯಿತು. ಅಷ್ಟರಲ್ಲಿ ಜಗತ್ತಿನ ತುಂಬ ಪ್ರೋಗ್ರಾಮುಗಳು ಆ ತಪ್ಪಿನ ಮೇಲೆ ನಿಂತಿದ್ದವು, ತಿದ್ದಿದರೆ ಎಲ್ಲ ಕುಸಿಯುತ್ತವೆ. 2022ರ ನಿಯಮಾವಳಿಯಲ್ಲೂ ಅದು ಒಂದೇ ಆರ್. ಆಮೇಲೆ ಬಂದ ಇನ್ನೊಂದು ಸಂಬಂಧಪಟ್ಟ ಸಾಲಿಗೆ ಸರಿಯಾಗಿ ಎರಡು ಆರ್ ಇಟ್ಟಿದ್ದಾರೆ. ಹಾಗಾಗಿ ಒಂದೇ ಪದವನ್ನು ಒಂದು ಕಡೆ ತಪ್ಪಾಗಿಯೂ ಇನ್ನೊಂದು ಕಡೆ ಸರಿಯಾಗಿಯೂ ಬರೆಯುವುದು ನಮ್ಮ ಕಸುಬಿನ ಭಾಗ. ನೀವು ಇವತ್ತು ಮೊಬೈಲಿನಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ, ನಿಮಗೆ ಗೊತ್ತಿಲ್ಲದ ಹಾಗೆ ಆ ಸ್ಪೆಲ್ಲಿಂಗ್ ಮಿಸ್ಟೇಕನ್ನು ಎಷ್ಟೋ ಸಲ ಕಳಿಸಿರುತ್ತೀರಿ.

ಆ ಹಿರಿಯರೂ ನಕ್ಕರು. ಆದರೆ "ನಾವೆಲ್ಲ ಬಿದ್ದ ಗುಂಡಿ ಇದು, ಬಾ ಕಾಫಿ ಕುಡಿಯೋಣ" ಅಂದು ನಕ್ಕರು. ಕಾಫಿ ಕುಡಿಯುವಾಗ ನನಗೆ ನೆನಪಾದದ್ದು ಪಿಯುಸಿಯ ಆ ಕ್ಲಾಸು, ಜೇಬಿನಲ್ಲಿ ಮಡಿಸಿಟ್ಟ ಪೇಪರು.

ಹಾಗಾದರೆ ಸ್ಪೆಲ್ಲಿಂಗ್ ಹೇಗಿದ್ದರೂ ನಡೆಯುತ್ತದೆ ಅಂತ ನಾನು ಹೇಳುತ್ತಿದ್ದೇನೆ ಅಂತ ಮಕ್ಕಳು ಸಂತೋಷಪಡಬೇಡಿ. ನಡೆಯುವುದಿಲ್ಲ. ಇಲ್ಲಿ ಪೋಷಕರೂ ಇದ್ದಾರೆ, ಅದಕ್ಕೆ ಹೇಳುತ್ತೇನೆ. ಮುನಿಯಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ವೈ ಹಾಕಿಯೂ ಬರೆಯಬಹುದು, ಬಿಟ್ಟೂ ಬರೆಯಬಹುದು. ನಮಗೆ ಎರಡೂ ಒಬ್ಬನೇ ಮುನಿಯಪ್ಪ. ಕಂಪ್ಯೂಟರ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಅದರ ಪಾಲಿಗೆ ಅವರು ಇಬ್ಬರು. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಅಂತಾದರೆ ಸ್ಕಾಲರ್‌ಶಿಪ್ಪಿಗೂ ಪಾಸ್‌ಪೋರ್ಟಿಗೂ ಅಫಿಡವಿಟ್ ಹಿಡಿದು ಅಲೆಯಬೇಕು. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ಮಗುವಿನ ಹೆಸರು, ನಿಮ್ಮ ಹೆಸರು ಇಂಗ್ಲಿಷಿನಲ್ಲಿ ಹೇಗಿರಬೇಕು ಅಂತ ಮನೆಯಲ್ಲೇ ಒಂದು ಹಾಳೆಯ ಮೇಲೆ ಬರೆದು ಕಳಿಸಿ. ಊರುಗಳದ್ದೂ ಇದೇ ಪಾಡು. 2014ರ ನವೆಂಬರ್ 1ರಂದು ಬೆಂಗಳೂರು ಸೇರಿ 12 ಊರುಗಳ ಇಂಗ್ಲಿಷ್ ಹೆಸರನ್ನು ಸರ್ಕಾರ ಕನ್ನಡದ ಹಾಗೆ ಬದಲಿಸಿತು. ನಮ್ಮ ದೊಡ್ಡಬಳ್ಳಾಪುರ ಮಾತ್ರ ರೈಲ್ವೆಯವರ ಇಂಗ್ಲಿಷಿನಲ್ಲಿ ಒಂದು ರೀತಿ, ಬೇರೆ ಬೋರ್ಡುಗಳಲ್ಲಿ ಇನ್ನೊಂದು ರೀತಿ. ಈಗ ಅಂಗಡಿ ಬೋರ್ಡುಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂಬ ಕಾಯ್ದೆ ಬಂದಮೇಲೆ ದೊಡ್ಡ ದೊಡ್ಡ ಕಂಪನಿಗಳವರು 'ಳ' ಇರುವ ಕಡೆ 'ಲ' ಹಾಕಿ ಕನ್ನಡ ಬರೆಯುತ್ತಿದ್ದಾರೆ. ಅವರನ್ನು ನೋಡಿ ನಾನು ಸ್ವಲ್ಪ ನಗುತ್ತೇನೆ, ಮುಚ್ಚಿಡುವುದಿಲ್ಲ.

ಗೆಳೆಯನ ವಿಷಯಕ್ಕೆ ಬರುತ್ತೇನೆ. ಅವನು ಈಗ ಮಾಡುವ ಕೆಲಸ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ದೊಡ್ಡಬಳ್ಳಾಪುರದ ಮಗ್ಗಗಳಿಗೆ ಜಕಾರ್ಡ್ ಕಾರ್ಡು ಮಾಡಿಕೊಡುತ್ತಾನೆ. ಸೀರೆಯ ಅಂಚಿನಲ್ಲಿ ನವಿಲು ಬರಬೇಕಾದರೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಅಂತ ದಪ್ಪ ರಟ್ಟಿನ ಮೇಲೆ ಲೆಕ್ಕ ಹಾಕಿ ತೂತು ಹೊಡೆಯಬೇಕು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ಮಾಡಿದ ಯಂತ್ರ ಅದು. ಆ ರಟ್ಟಿನ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎತ್ತಿಕೊಂಡ. 1890ರ ಅಮೆರಿಕದ ಜನಗಣತಿಯನ್ನು ತೂತಿನ ಕಾರ್ಡುಗಳ ಮೇಲೆ ಎಣಿಸಿದರು. ನನ್ನ ಕಸುಬು ಆ ವಂಶದ್ದು. ಕಾಲೇಜು ಬಿಟ್ಟವನೂ ಬಿಡದವನೂ ಮಾಡುತ್ತಿರುವುದು ಒಂದೇ ಕೆಲಸ, ಅವನು ರಟ್ಟಿನ ಮೇಲೆ, ನಾನು ಪರದೆಯ ಮೇಲೆ. ಹೋದ ವರ್ಷ ಅವನ ಅಂಗಡಿಗೆ ಹೋದಾಗ ಇಂಗ್ಲಿಷಿನಲ್ಲಿ ತೂತು ಹೊಡೆಯುವವನಿಗೆ ಏನನ್ನುತ್ತಾರೆ ಗೊತ್ತಾ ಅಂತ ಕೇಳಿ, ಆ ಏಳು ಅಕ್ಷರ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದ. "ಅಂಗಾರೆ ನಾನು ಸರ್ಯಾಗೇ ಬರ್ದಿದ್ದೆ ಅನ್ನು" ಅಂದ. ಆಮೇಲೆ ನಾನು ಇಪ್ಪತ್ತು ವರ್ಷ ತಡವಾಗಿ, ಅವತ್ತು ನಾನೂ ನಕ್ಕಿದ್ದೆ, ನನ್ನ ಪೇಪರಿನಲ್ಲೂ ಅದೇ ಇತ್ತು ಅಂತ ಹೇಳಿದೆ. "ಗೊತ್ತು ಕಣೋ, ನಾನ್ ತಾನೇ ನಿನ್ ಪಕ್ಕ ಕೂತಿದ್ದೋನು" ಅಂದ.

ಅವತ್ತಿನಿಂದ ನಾವಿಬ್ಬರೂ ತಿಂಗಳಿಗೆ ಎರಡು ಶನಿವಾರ ಇಲ್ಲಿಗೆ ಬರುತ್ತಿದ್ದೇವೆ. ಮಕ್ಕಳಿಗೆ ಹೇಳಿದ್ದು ಇಷ್ಟೇ: ದಾರಿಯಲ್ಲಿ ಕಂಡ ಬೋರ್ಡಿನ ಇಂಗ್ಲಿಷ್ ಪದಗಳನ್ನು ಇದ್ದ ಹಾಗೇ ಬರೆದುಕೊಂಡು ಬನ್ನಿ. ಎರಡು ವಾರಕ್ಕೇ ಒಂದು ನೋಟ್‌ಬುಕ್ ತುಂಬಿತು. ಒಂದು ಪುಟದ ಎಡಗಡೆ ಬೋರ್ಡಿನ ಪದ, ನಡುವೆ ಕನ್ನಡದಲ್ಲಿ ನಾವು ಅದನ್ನು ಹೇಗೆ ಅನ್ನುತ್ತೇವೆ, ಬಲಗಡೆ ನಿಘಂಟಿನ ಪದ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ, "ಸಾರ್, ಬಲಗಡೆ ಇರೋದು ನಮ್ಮೂರಲ್ಲಿ ಯಾರಿಗೂ ಅರ್ಥ ಆಗಲ್ಲ, ಎಡಗಡೆದು ಆಗುತ್ತೆ, ಆಗ ಯಾವುದು ತಪ್ಪು?" ಅಂತ ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗ ನನ್ನ ಗೆಳೆಯ, "ಪರೀಕ್ಷೇಲಿ ಎಡಗಡೆದು, ಅಂಗಡೀಲಿ ಬಲಗಡೆದು" ಅಂದ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ.

ಮುಖ್ಯೋಪಾಧ್ಯಾಯರಲ್ಲಿ ಒಂದು ಅರಿಕೆಯಿದೆ. ನಮ್ಮ ಕಾಲದಲ್ಲಿ ಶಾಲೆಯ ದೊಡ್ಡ ನಿಘಂಟು ಸ್ಟಾಫ್ ರೂಮಿನ ಬೀರುವಿನಲ್ಲಿ ಇರುತ್ತಿತ್ತು, ಅದನ್ನು ನಾನು ಗಾಜಿನ ಆಚೆಯಿಂದ ಮಾತ್ರ ನೋಡಿದ್ದೇನೆ. ಈ ಸಲ ಹಳೆಯ ವಿದ್ಯಾರ್ಥಿಗಳು ಸೇರಿ ಇಂಗ್ಲಿಷ್-ಕನ್ನಡ ನಿಘಂಟಿನ ಹತ್ತು ಪ್ರತಿ ಕೊಡುತ್ತಿದ್ದೇವೆ. ಬೀರು, ಅಲ್ಮೇರಾ, ಚಾವಿ ಎಲ್ಲ ಹೊರಗಿನಿಂದ ಬಂದ ಪದಗಳು ಸಾರ್, ಬೀಗ ಮಾತ್ರ ನಮ್ಮದು. ದಯವಿಟ್ಟು ಈ ಹತ್ತಕ್ಕೆ ಅದನ್ನು ಹಾಕಬೇಡಿ. ವರಾಂಡದ ಮೇಜಿನ ಮೇಲೆ ಇರಲಿ, ಕೈಗೆ ಸಿಗುವ ಹಾಗೆ. ಹರಿದರೆ ಮತ್ತೆ ತಂದುಕೊಡುತ್ತೇವೆ.

ಮುಂದಿನ ಶನಿವಾರ ಬೆಳಿಗ್ಗೆ ಕ್ಲಾಸು ಮುಗಿದ ಕೂಡಲೇ ನಾವಿಬ್ಬರೂ ಇಲ್ಲಿರುತ್ತೇವೆ. ನೋಟ್‌ಬುಕ್ ತನ್ನಿ.